ನಂಬಿಕೆಯ ನೆಲ ನಡುಗಿದಾಗ

ರೋಗ ಬಂದಾಗ ಮೈಯನ್ನು ನೋಡುವವರು ಬಹಳ ಮಂದಿ. ಮನಸ್ಸನ್ನು ನೋಡುವವರು ವಿರಳ. ಮೈ ಬಿಸಿಯಾದರೆ ತಾಯಿ ಹಣೆಯ ಮೇಲೆ ಕೈಯಿಟ್ಟು ತಿಳಿದುಕೊಳ್ಳುತ್ತಾಳೆ. ಕೆಮ್ಮಿದರೆ ಪಕ್ಕದ ಕೋಣೆಗೆ ಕೇಳಿಸುತ್ತದೆ. ಮನಸ್ಸು ಕುಸಿದರೆ ಮಾತ್ರ ಸದ್ದಾಗುವುದಿಲ್ಲ. 2020 ಮತ್ತು 2021ರ ಕೋವಿಡ್ ಕಾಲದಲ್ಲಿ ಕರ್ನಾಟಕದ ಎಷ್ಟೋ ಮನೆಗಳಲ್ಲಿ, ಕಾಲೇಜಿಗೆ ಹೋಗುವ ವಯಸ್ಸಿನ ಮಕ್ಕಳಿಗೆ ಆದದ್ದು ಇದೇ. ಜ್ವರ ಬಂದವರಿಗೆ ಜ್ವರ ಇಳಿಯಿತು. ಜ್ವರವೇ ಬಾರದವರಲ್ಲಿಯೂ ಅನೇಕರಿಗೆ ಬೇರೇನೋ ಕಳೆದುಹೋಯಿತು. ಅದು ಏನೆಂದು ಹೇಳಲು ಅವರಿಗೆ ಮಾತು ಸಿಗಲಿಲ್ಲ. ಕೇಳುವ ವ್ಯವಧಾನ ಮನೆಯವರಿಗೆ ಇರಲಿಲ್ಲ.

ಮೈಸೂರಿನ ಯಾವುದೋ ಬಡಾವಣೆಯಲ್ಲಿ ಒಂದು ಮನೆಯನ್ನು ಓದುಗರು ಊಹಿಸಿಕೊಳ್ಳಬಹುದು. ಅದಕ್ಕೆ ಹೆಸರು ಬೇಕಿಲ್ಲ. ಅಂತಹ ಮನೆಗಳು ಊರೂರಿನಲ್ಲಿಯೂ ಇದ್ದವು. ತಂದೆ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ತಾಯಿಗೆ ಮನೆಯ ಕೆಲಸವೇ ಕೈತುಂಬ. ಮಗ ಬಿ.ಎಸ್‌ಸಿ. ಮೊದಲ ವರ್ಷದಲ್ಲಿದ್ದಾನೆ, ಮಗಳು ಹೈಸ್ಕೂಲಿನಲ್ಲಿದ್ದಾಳೆ. ಇವರೆಲ್ಲರಿಗೂ ಹಿರಿಯರಾಗಿ ತಾತ, ನಿವೃತ್ತ ಶಾಲಾ ಮಾಸ್ತರು. ಬೆಳಕು ಹರಿಯುವ ಮೊದಲೇ ಸ್ನಾನ, ಬಳಿಕ ಪೂಜೆ, ಪೂಜೆಯಾದ ಮೇಲೆಯೇ ಕಾಫಿ. ನಲವತ್ತು ವರ್ಷಗಳಲ್ಲಿ ಈ ಕ್ರಮ ಒಂದು ದಿನವೂ ತಪ್ಪಿದ್ದಿಲ್ಲ. ಕ್ರಮ ತಪ್ಪದೆ ನಡೆಯುವವನನ್ನು ದೇವರು ಕೈಬಿಡುವುದಿಲ್ಲವೆಂದು ಅವರು ಮೊಮ್ಮಗನಿಗೆ ಹೇಳುತ್ತಿದ್ದರು. ಹುಡುಗನೂ ಅದನ್ನು ನಂಬಿದ್ದನು. ಪರೀಕ್ಷೆಯ ದಿನ ತಾತನ ಕಾಲಿಗೆ ನಮಸ್ಕರಿಸದೆ ಹೊಸ್ತಿಲು ದಾಟುತ್ತಿರಲಿಲ್ಲ.

2021ರ ಮೇ ತಿಂಗಳಲ್ಲಿ ತಾತನಿಗೆ ಜ್ವರ ಬಂತು. ನಾಲ್ಕನೆಯ ದಿನ ಆಂಬುಲೆನ್ಸ್ ಬಂದು ಅವರನ್ನು ಕರೆದೊಯ್ದಿತು. ಹತ್ತನೆಯ ದಿನ ಆಸ್ಪತ್ರೆಯಿಂದ ದೂರವಾಣಿ ಬಂತು. ಮುಖ ನೋಡುವ ಅವಕಾಶವೂ ಸಿಗಲಿಲ್ಲ. ಮನೆಗೆ ಹಿಂತಿರುಗಿದ್ದು ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಅವರ ಕನ್ನಡಕ, ಕೈಗಡಿಯಾರ.

ಅಂದಿನಿಂದ ಹುಡುಗನ ಕೋಣೆಯ ಬಾಗಿಲು ಮುಚ್ಚಿತು.

ಒಂದು ಪರೀಕ್ಷೆ ಬಾಕಿ

ಹುಡುಗನ ಮನಸ್ಸು ಕುಸಿದದ್ದು ಆ ಒಂದು ಸಾವಿನಿಂದಲೇ ಎಂದರೆ ಪೂರ್ತಿ ಸತ್ಯವಾಗದು. ಗೋಡೆ ಬೀಳುವ ಮೊದಲೇ ಅದರೊಳಕ್ಕೆ ನೀರು ಇಳಿದಿರುತ್ತದೆ. ವಿದ್ಯಾರ್ಥಿಗಳ ಮನಸ್ಸಿನೊಳಕ್ಕೆ ನೀರು ಇಳಿಯತೊಡಗಿ ಆಗಲೇ ವರ್ಷದ ಮೇಲಾಗಿತ್ತು.

ಭಾರತದಲ್ಲಿ ಕೋವಿಡ್‌ನಿಂದಾದ ಮೊದಲ ಸಾವು ಕಲಬುರಗಿಯ ವೃದ್ಧರೊಬ್ಬರದು; 2020ರ ಮಾರ್ಚ್ ತಿಂಗಳಲ್ಲಿ. ಅದೇ ವಾರ ರಾಜ್ಯದ ಕಾಲೇಜುಗಳು ಒಂದು ವಾರದ ಮಟ್ಟಿಗೆ ಎಂದು ಮುಚ್ಚಿದವು. ಮಾರ್ಚ್ 25ರಿಂದ ಇಡೀ ದೇಶವೇ ಮನೆಯೊಳಗೆ ಕುಳಿತಿತು. ಆಗ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯುತ್ತಿದ್ದ ಕಾಲ. ಎಲ್ಲ ವಿಷಯಗಳೂ ಮುಗಿದು ಮಾರ್ಚ್ 23ರ ಇಂಗ್ಲಿಷ್ ಪತ್ರಿಕೆಯೊಂದು ಉಳಿದಿತ್ತು. ಆ ಒಂದು ಪತ್ರಿಕೆ ನಡೆದದ್ದು ಜೂನ್ 18ರಂದು. ಸುಮಾರು ಮೂರು ತಿಂಗಳ ಕಾಲ ಲಕ್ಷಾಂತರ ಮಕ್ಕಳು ಅದೇ ಪುಸ್ತಕವನ್ನು ಎದುರಿಗಿಟ್ಟುಕೊಂಡು ಕಾದರು. ಓದಿದ್ದನ್ನೇ ಮತ್ತೆ ಓದುವುದೇ, ಬಿಡುವುದೇ? ಪರೀಕ್ಷೆ ನಡೆಯುವುದೇ, ಇಲ್ಲವೇ? ಉತ್ತರ ಹೇಳುವವರಿಲ್ಲ. ಬೇಸಗೆಯ ರಜೆಯೂ ಅಲ್ಲ, ಓದಿನ ಕಾಲವೂ ಅಲ್ಲ. ತ್ರಿಶಂಕುವಿನ ಸ್ಥಿತಿ ಎಂದರೆ ಇದೇ ಅಲ್ಲವೆ?

ಪದವಿಯ ಕೊನೆಯ ವರ್ಷದವರ ಪಾಡು ಇನ್ನೊಂದು ಬಗೆಯದು. ಅವರಿಗೆ ಪರೀಕ್ಷೆ ಬೇಕೇ ಬೇಡವೇ ಎಂಬ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಪರೀಕ್ಷೆ ನಡೆಸದೆ ಪದವಿ ಕೊಡುವಂತಿಲ್ಲವೆಂದು 2020ರ ಆಗಸ್ಟ್ 28ರಂದು ತೀರ್ಪಾಯಿತು. ರಾಜ್ಯದ ಪದವಿ ಕಾಲೇಜುಗಳು ಮತ್ತೆ ತೆರೆದದ್ದು ನವೆಂಬರ್ 17ರಂದು. ತೆರೆದ ಮೇಲೆಯೂ ಬಹಳ ಮಂದಿಗೆ ಪಾಠ ಮೊಬೈಲಿನ ತೆರೆಯ ಮೇಲೆಯೇ ನಡೆಯಿತು. ಉಪನ್ಯಾಸಕರು ಮಾತನಾಡುತ್ತಿದ್ದರು, ಎದುರಿಗೆ ಮುಖಗಳಿಗೆ ಬದಲಾಗಿ ಕಪ್ಪು ಚೌಕಗಳ ಸಾಲು. ಒಂದು ಚೌಕದ ಹಿಂದೆ ವಿದ್ಯಾರ್ಥಿ ಇದ್ದಾನೆಯೋ, ಮಲಗಿದ್ದಾನೆಯೋ, ಅಳುತ್ತಿದ್ದಾನೆಯೋ ತಿಳಿಯುವ ಬಗೆಯೇ ಇರಲಿಲ್ಲ. ಹಾಜರಿ ಕರೆದಾಗ "ಎಸ್ ಸರ್" ಎಂಬ ಧ್ವನಿ ಕೇಳಿದರೆ ಸಾಕು, ಎಲ್ಲವೂ ಸರಿಯಾಗಿದೆಯೆಂದು ಲೆಕ್ಕ.

2021ರ ಏಪ್ರಿಲ್ ಕೊನೆಯಲ್ಲಿ ಎರಡನೆಯ ಅಲೆ ಬಂದು ಎಲ್ಲವನ್ನೂ ಮತ್ತೆ ಮುಚ್ಚಿತು. ಆ ವರ್ಷ ದ್ವಿತೀಯ ಪಿಯುಸಿ ಪರೀಕ್ಷೆಯೇ ರದ್ದಾಯಿತು. ಎಸ್‌ಎಸ್‌ಎಲ್‌ಸಿ ಮತ್ತು ಮೊದಲ ಪಿಯುಸಿ ಅಂಕಗಳನ್ನು ನೋಡಿ ಜುಲೈ 20ರಂದು ಫಲಿತಾಂಶ ಪ್ರಕಟಿಸಿದಾಗ ಎಲ್ಲರೂ ತೇರ್ಗಡೆ. ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ 600ಕ್ಕೆ 600 ಅಂಕ. ಹೊರಗಿನಿಂದ ನೋಡಿದವರಿಗೆ ಇದು ಭಾಗ್ಯದಂತೆ ಕಂಡಿತು. ಒಳಗಿದ್ದ ಮಕ್ಕಳಿಗೆ ಗೊತ್ತಿತ್ತು: ನಿದ್ದೆಗೆಟ್ಟು ಓದಿದವನ ಓದನ್ನು ಅಳೆಯುವವರು ಯಾರೂ ಇರಲಿಲ್ಲ. ಮೇಲೆ "ಕೊರೋನಾ ಬ್ಯಾಚಿನವರು" ಎಂಬ ಚುಚ್ಚುಮಾತು ಬೇರೆ. ತಾನು ಮಾಡದ ತಪ್ಪಿಗೆ ಸಿಕ್ಕಿದ ಅಡ್ಡ ಹೆಸರು ಅದು.

ಮನಸ್ಸಿನ ಮೂರು ಕಂಬಗಳು

ಅಮೆರಿಕದ ಮನೋವಿಜ್ಞಾನಿ ರಾನಿ ಜಾನಾಫ್ ಬುಲ್ಮನ್ ಎಂಬುವರು 1992ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಅಪಘಾತ, ಅತ್ಯಾಚಾರ, ಮಹಾವ್ಯಾಧಿ ಇವುಗಳಿಗೆ ಸಿಕ್ಕವರ ಮನಸ್ಸಿನಲ್ಲಿ ನಿಜವಾಗಿ ಮುರಿಯುವುದು ಏನು ಎಂಬುದೇ ಅದರ ವಿಚಾರ. ಅವರ ಪ್ರಕಾರ ಸಾಮಾನ್ಯ ಮನುಷ್ಯನ ಬಾಳು ಮೂರು ನಂಬಿಕೆಗಳ ಮೇಲೆ ನಿಂತಿದೆ. ಲೋಕ ಒಟ್ಟಿನಲ್ಲಿ ಒಳ್ಳೆಯದು ಎಂಬುದು ಮೊದಲನೆಯದು. ಲೋಕದಲ್ಲಿ ನಡೆಯುವುದಕ್ಕೆ ಒಂದು ಅರ್ಥ ಉಂಟು, ಮಾಡಿದವನಿಗೆ ತಕ್ಕ ಫಲ ಉಂಟು ಎಂಬುದು ಎರಡನೆಯದು. ತಾನು ಬೆಲೆಯುಳ್ಳವನು ಎಂಬುದು ಮೂರನೆಯದು. ಈ ಮೂರನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ; ಮನೆಯ ಅಡಿಪಾಯದ ಕಲ್ಲನ್ನು ದಿನವೂ ಯಾರು ಅಗೆದು ನೋಡುತ್ತಾರೆ? ಆದರೆ ಅದು ಅಲುಗಿದ ದಿನ ಇಡೀ ಮನೆ ಅಲುಗುತ್ತದೆ.

ಮಧ್ಯಮ ವರ್ಗದ ಮನೆಗಳಲ್ಲಿ ಎರಡನೆಯ ನಂಬಿಕೆಯೇ ಎಲ್ಲಕ್ಕಿಂತ ದೊಡ್ಡ ಆಸ್ತಿ. ಅಲ್ಲಿ ಹೊಲವಿಲ್ಲ, ಅಂಗಡಿಯಿಲ್ಲ, ಮಕ್ಕಳಿಗೆ ಕೊಡಲು ಇರುವುದು ಒಂದು ಮಾತು ಮಾತ್ರ: "ಚೆನ್ನಾಗಿ ಓದು, ಒಳ್ಳೆಯದಾಗುತ್ತದೆ." ತಂದೆ ಆ ಮಾತನ್ನು ತನ್ನ ತಂದೆಯಿಂದ ಕೇಳಿದ್ದಾನೆ, ಮಗನಿಗೆ ಹೇಳಿದ್ದಾನೆ. ಟ್ಯೂಷನ್ನಿನ ಹಣ, ಬೆಳಗಿನ ನಾಲ್ಕು ಗಂಟೆಯ ಅಲಾರಂ, ಹಬ್ಬದ ದಿನವೂ ಬಿಡದ ಪುಸ್ತಕ, ಇವೆಲ್ಲ ಆ ಮಾತಿನ ಭರವಸೆಯ ಮೇಲೆ ನಡೆದವು. ಕೋವಿಡ್ ಕಾಲದಲ್ಲಿ ಆ ಮಾತೇ ಸುಳ್ಳಾದಂತೆ ತೋರಿತು. ಓದಿದವನಿಗೂ ಓದದವನಿಗೂ ಒಂದೇ ಫಲ. ಕೆಲಸಕ್ಕೆ ಕರೆದಿದ್ದ ಕಂಪೆನಿ ಆಮೇಲೆ ಉತ್ತರವನ್ನೇ ಕೊಡಲಿಲ್ಲ. ಇಪ್ಪತ್ತು ವರ್ಷ ದುಡಿದ ನೆರೆಮನೆಯವರು ಒಂದು ಬೆಳಿಗ್ಗೆ ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತರು. ಹತ್ತೊಂಬತ್ತರ ಹುಡುಗನು ಇದನ್ನೆಲ್ಲ ಕಣ್ಣಾರೆ ಕಂಡು, "ಹಾಗಾದರೆ ಯಾವುದಕ್ಕಾಗಿ?" ಎಂದು ಕೇಳಿಕೊಂಡರೆ ಅದು ಉದ್ಧಟತನವಲ್ಲ.

ದೇವರ ಕೋಣೆಯ ಪ್ರಶ್ನೆ

ಇನ್ನು ದೇವರ ಮೇಲಣ ನಂಬಿಕೆ. ಈ ನಾಡಿಗೆ ಮಹಾಮಾರಿ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಮನೆ ಬಿಟ್ಟು ಊರ ಹೊರಗಿನ ಬಯಲಿನಲ್ಲಿ ಗುಡಿಸಲು ಹಾಕಿದರು. ಪ್ಲೇಗಿಗೂ ಒಬ್ಬ ಅಮ್ಮನನ್ನು ಕಂಡುಕೊಂಡು, ಪ್ಲೇಗಿನ ಮಾರಮ್ಮನೆಂದು ಗುಡಿ ಕಟ್ಟಿ ಹರಕೆ ಹೊತ್ತರು. ಆ ನಂಬಿಕೆ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಭಯಕ್ಕೆ ಒಂದು ಹೆಸರಿತ್ತು, ಆ ಹೆಸರನ್ನು ಹತ್ತು ಜನ ಒಟ್ಟಿಗೆ ಕೂಗಿ ಅಳಬಹುದಾಗಿತ್ತು ಎಂಬುದು ಗಮನಿಸತಕ್ಕ ಸಂಗತಿ. ಅಂದಿನವರು ಮನೆ ಬಿಟ್ಟು ಬಯಲಿಗೆ ಹೋದರು. 2020ರವರು ಬಯಲು ಬಿಟ್ಟು ಮನೆಯೊಳಗೆ ಸೇರಿದರು. ದುಃಖವನ್ನು ಹಂಚಿಕೊಳ್ಳುವ ಜಾಗಗಳೇ ಮುಚ್ಚಿದ್ದವು. ಗುಡಿ, ಮಸೀದಿ, ಇಗರ್ಜಿ ಎಲ್ಲದರ ಬಾಗಿಲಿಗೂ ಬೀಗ ಬಿದ್ದಿತ್ತು. ಸಾವಿನ ಮನೆಗೆ ನೆಂಟರು ಬರುವಂತಿರಲಿಲ್ಲ.

2021ರ ಮೇ ಮೊದಲ ವಾರದಲ್ಲಿ ರಾಜ್ಯದಲ್ಲಿ ಒಂದೇ ದಿನ 50,000ಕ್ಕೂ ಹೆಚ್ಚು ಹೊಸ ರೋಗಿಗಳು ವರದಿಯಾದರು. ಚಾಮರಾಜನಗರದಲ್ಲಿ ಆಮ್ಲಜನಕದ ಅಭಾವದ ನಡುವೆ ಒಂದು ದಿನದೊಳಗೆ 24 ಮಂದಿ ಅಸುನೀಗಿದ ಸುದ್ದಿ ಬಂದದ್ದು ಅದೇ ವಾರ. ಜೂನ್ ತಿಂಗಳಲ್ಲಿ ಮಂಡ್ಯ ಜಿಲ್ಲೆಯ ಬೆಳಕವಾಡಿಯಲ್ಲಿ, ವಾರಸುದಾರರು ಬಂದು ಒಯ್ಯದೆ ಉಳಿದಿದ್ದ ನೂರಾರು ಮಂದಿಯ ಚಿತಾಭಸ್ಮವನ್ನು ಸರ್ಕಾರದ ವತಿಯಿಂದಲೇ ಕಾವೇರಿಯಲ್ಲಿ ವಿಸರ್ಜಿಸಬೇಕಾಯಿತು. ಮಗ ಇದ್ದೂ ಮಗನ ಕೈಯ ನೀರು ಸಿಗದೆ ಹೋದ ಜೀವಗಳು ಎಷ್ಟೋ. ಹಿರಿಯರಿಗೆ ಇದು ಎದೆ ಒಡೆಯುವ ಸಂಕಟ. ಕಿರಿಯರಿಗೆ ಸಂಕಟದ ಜೊತೆಗೆ ಒಂದು ಪ್ರಶ್ನೆಯೂ ಹುಟ್ಟಿತು.

ಮೈಸೂರಿನ ಆ ಮನೆಯ ಹುಡುಗನು ತಾತ ತೀರಿಕೊಂಡ ಮೂರನೆಯ ವಾರ ಊಟಕ್ಕೆ ಕುಳಿತಾಗ ಆ ಪ್ರಶ್ನೆಯನ್ನು ಕೇಳಿಯೇಬಿಟ್ಟನು:

"ತಾತ ಒಂದು ದಿನಾನೂ ಪೂಜೆ ತಪ್ಪಿಸಿದವರಲ್ಲ. ಅವರಿಗೆ ಯಾಕಪ್ಪಾ ಹೀಗಾಯ್ತು?"

ತಂದೆಯ ಕೈಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು. "ದೊಡ್ಡವರ ವಿಷಯ ಹಾಗೆಲ್ಲ ಮಾತಾಡಬಾರದು. ಊಟ ಮಾಡಿ ಹೋಗಿ ಓದಿಕೋ" ಎಂದರು.

ಹುಡುಗನು ಎದ್ದು ಹೋದನು. ಆಮೇಲೆ ಆ ಮನೆಯಲ್ಲಿ ಅವನು ಏನನ್ನೂ ಕೇಳಲಿಲ್ಲ. ಬೆಳಿಗ್ಗೆ ಹತ್ತಾದರೂ ಏಳುತ್ತಿರಲಿಲ್ಲ. ರಾತ್ರಿ ಎರಡಾದರೂ ಮಲಗುತ್ತಿರಲಿಲ್ಲ. ಇಷ್ಟವಾದ ಹುಳಿಯನ್ನವನ್ನೂ ಎರಡು ತುತ್ತಿಗೆ ಬಿಟ್ಟು ಏಳುತ್ತಿದ್ದನು. ಕ್ರಿಕೆಟ್ ಪಂದ್ಯ ನೋಡಲು ತಂಗಿ ಕರೆದರೆ ತಿರುಗಿ ಮಲಗುತ್ತಿದ್ದನು. "ಮೈಗಳ್ಳತನ ಕಲಿತಿದ್ದಾನೆ" ಎಂದರು ತಂದೆ. "ಯಾರ ಕಣ್ಣು ಬಿತ್ತೋ" ಎಂದರು ತಾಯಿ. ಎರಡೂ ಅಲ್ಲವೆಂದು ಹೇಳುವವರು ಬೇಕಾಗಿತ್ತು.

ದುಃಖ ಬೇರೆ, ರೋಗ ಬೇರೆ

ದುಃಖವೆಲ್ಲವೂ ಖಿನ್ನತೆಯಲ್ಲ. ಸತ್ತವರಿಗಾಗಿ ಅಳುವುದು ಆರೋಗ್ಯದ ಲಕ್ಷಣವೇ ಹೊರತು ರೋಗದ ಲಕ್ಷಣವಲ್ಲ. ದುಃಖದಲ್ಲಿರುವವನು ಅಳುತ್ತಾನೆ, ನಡುವೆ ಹಳೆಯದನ್ನು ನೆನೆದು ನಗುತ್ತಾನೆ, ಹಸಿವಾದಾಗ ಉಣ್ಣುತ್ತಾನೆ. ಖಿನ್ನತೆಯಲ್ಲಿ ಈ ಏರಿಳಿತವೇ ನಿಂತುಹೋಗುತ್ತದೆ. ಎರಡು ವಾರಗಳಿಗೂ ಮಿಕ್ಕಿ, ದಿನದ ಬಹುಪಾಲು ಕಾಲ ಮನಸ್ಸು ಮಂಕಾಗಿಯೇ ಇರುವುದು, ಹಿಂದೆ ಪ್ರೀತಿಯಿಂದ ಮಾಡುತ್ತಿದ್ದ ಯಾವುದೂ ರುಚಿಸದಿರುವುದು, ನಿದ್ದೆಯೂ ಹಸಿವೂ ಕೆಡುವುದು, ಕೆಲಸ ಮಾಡದೆಯೂ ದಣಿವು, ಓದಿದ ಸಾಲು ತಲೆಗೆ ಹತ್ತದಿರುವುದು, ತಾನು ಯಾತಕ್ಕೂ ಬಾರದವನೆಂಬ ಭಾವನೆ, ಸಾವಿನ ಯೋಚನೆ. ಇವುಗಳಲ್ಲಿ ಹಲವು ಒಟ್ಟುಗೂಡಿ ಬಿಡದೆ ಕಾಡಿದರೆ ವೈದ್ಯರು ಅದನ್ನು ಖಿನ್ನತೆಯ ಕಾಯಿಲೆ ಎನ್ನುತ್ತಾರೆ. ಮೇಲೆ ಹೇಳಿದ ಮೂರನೆಯ ಕಂಬ, ತಾನು ಬೆಲೆಯುಳ್ಳವನೆಂಬ ನಂಬಿಕೆ, ಮುರಿದು ಬೀಳುವುದು ಇಲ್ಲಿಯೇ.

ಇದು ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಬಂದದ್ದಲ್ಲ. ಮಹಾಮಾರಿಯ ಮೊದಲ ವರ್ಷದಲ್ಲಿಯೇ ಖಿನ್ನತೆ ಮತ್ತು ಆತಂಕದ ಕಾಯಿಲೆಗಳು ಜಗತ್ತಿನಲ್ಲಿ ಶೇಕಡ 25ರಷ್ಟು ಹೆಚ್ಚಿದವೆಂದೂ, ಹೆಚ್ಚಿನ ಪೆಟ್ಟು ಬಿದ್ದದ್ದು ತರುಣರಿಗೂ ಸ್ತ್ರೀಯರಿಗೂ ಎಂದೂ ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್ ತಿಂಗಳಲ್ಲಿ ತಿಳಿಸಿತು. ಭಾರತದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳ ಸಂಖ್ಯೆ, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಗಳಂತೆ, 2019ರಲ್ಲಿ 10,335, 2020ರಲ್ಲಿ 12,526, 2021ರಲ್ಲಿ 13,089. ಈ ಏರಿಕೆಗೆಲ್ಲ ಮಹಾಮಾರಿಯೊಂದೇ ಕಾರಣವೆಂದು ಹೇಳುವಂತಿಲ್ಲ. ಒಂದು ಜೀವ ಹೋಗುವುದಕ್ಕೆ ಕಾರಣಗಳು ಹಲವು ಇರುತ್ತವೆ. ಆದರೆ ಒಂದೊಂದು ಅಂಕೆಯ ಹಿಂದೆಯೂ ಒಂದೊಂದು ಮನೆ ಉಂಟೆಂಬುದನ್ನು ಮರೆಯಲಾಗದು.

ಇನ್ನೊಂದು ಲೆಕ್ಕ ಇದಕ್ಕಿಂತಲೂ ಯೋಚಿಸತಕ್ಕದ್ದು. 2021ರಲ್ಲಿ ಯುನಿಸೆಫ್ ಸಂಸ್ಥೆ 21 ದೇಶಗಳ ತರುಣರನ್ನು ಒಂದು ಪ್ರಶ್ನೆ ಕೇಳಿಸಿತು: ಮನಸ್ಸಿನ ತೊಂದರೆ ಇದ್ದವರು ಇತರರ ನೆರವು ಪಡೆಯುವುದು ಒಳ್ಳೆಯದೇ? ಸರಾಸರಿ ಶೇಕಡ 83 ಮಂದಿ ಒಳ್ಳೆಯದೆಂದರು. ಭಾರತದಲ್ಲಿ ಹಾಗೆ ಹೇಳಿದವರು ಶೇಕಡ 41 ಮಾತ್ರ. ಎಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ತಮ್ಮ ಸಂಕಟವನ್ನು ತಾವೇ ನುಂಗಬೇಕೆಂದು ಕಲಿತಿದ್ದರು. ಇದನ್ನು ಅವರಿಗೆ ಕಲಿಸಿದವರು ಯಾರು?

ಕಲಿಸಿದ್ದು ಮನೆಯೇ, ನೆರೆಹೊರೆಯೇ. ಕನ್ನಡದ ಓದುಗರಿಗೆ ತ್ರಿವೇಣಿಯವರ 'ಶರಪಂಜರ' ಕಾದಂಬರಿಯ ಪರಿಚಯವುಂಟು. 1971ರಲ್ಲಿ ಪುಟ್ಟಣ್ಣ ಕಣಗಾಲರು ತೆಗೆದ ಚಿತ್ರವನ್ನಂತೂ ನೋಡದ ಮನೆಯಿಲ್ಲ. ಮನೋರೋಗ ವಾಸಿಯಾಗಿ ಮನೆಗೆ ಹಿಂತಿರುಗಿದ ಗೃಹಿಣಿಯನ್ನು ಸುತ್ತಲಿನವರ ಸಂಶಯದ ನೋಟವೇ ಮತ್ತೆ ರೋಗಕ್ಕೆ ತಳ್ಳುತ್ತದೆ. ಆ ಕಥೆಗೆ ಕಣ್ಣೀರು ಸುರಿಸಿದ ಮನೆಗಳೇ, ಸ್ವಂತ ಮಗನನ್ನೋ ಮಗಳನ್ನೋ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕಾಗಿ ಬಂದಾಗ "ನಾಳೆ ಮದುವೆಗೆ ತೊಂದರೆಯಾದೀತು, ಯಾರಾದರೂ ನೋಡಿದರೆ ಏನೆಂದಾರು" ಎಂದು ಹಿಂಜರಿಯುತ್ತವೆ. ಅದೂ ಯಾವ ನಾಡಿನಲ್ಲಿ? ದೇಶದಲ್ಲೇ ಹೆಸರಾದ ಮನೋರೋಗ ಸಂಸ್ಥೆ ನಿಮ್ಹಾನ್ಸ್ 1974ರಿಂದ ಬೆಂಗಳೂರಿನಲ್ಲಿಯೇ ಇರುವ ನಾಡಿನಲ್ಲಿ, ವೈದ್ಯರಾಗಿದ್ದ ಡಾ. ಎಂ. ಶಿವರಾಂ ಅವರು ಮನಸ್ಸಿನ ಕಾಯಿಲೆಗಳನ್ನು ಕುರಿತು ಕನ್ನಡದಲ್ಲಿ ಬರೆದ 'ಮನಮಂಥನ'ಕ್ಕೆ 1976ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ನಾಡಿನಲ್ಲಿ. ತಿಳಿವಳಿಕೆಗೆ ಕೊರತೆಯಿರಲಿಲ್ಲ. ಅದು ಗ್ರಂಥಾಲಯದಿಂದ ಅಡುಗೆಮನೆಯವರೆಗೆ ನಡೆದು ಬರಲಿಲ್ಲ.

"ನನಗೂ ಗೊತ್ತಿಲ್ಲ ಕಣೋ"

ಆಷಾಢದ ಒಂದು ರಾತ್ರಿ ಮೈಸೂರಿನ ಆ ಮನೆಯ ತಂದೆ ನೀರು ಕುಡಿಯಲು ಎದ್ದರು. ಗಂಟೆ ಎರಡು ಹೊಡೆದಿತ್ತು. ಮಗನ ಕೋಣೆಯ ಬಾಗಿಲ ಕೆಳಗೆ ಬೆಳಕು ಕಾಣುತ್ತಿತ್ತು. ಗದರಿಸಬೇಕೆಂದೇ ಬಾಗಿಲು ತಳ್ಳಿದರು. ಹುಡುಗನು ಹಾಸಿಗೆಯ ಮೇಲೆ ಕುಳಿತಿದ್ದನು. ಕೈಯಲ್ಲಿ ತಾತನ ಕನ್ನಡಕ. ಗದರಿಕೆ ಗಂಟಲಲ್ಲಿಯೇ ಉಳಿಯಿತು. ಹೋಗಿ ಪಕ್ಕದಲ್ಲಿ ಕುಳಿತರು. ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ.

ಕೊನೆಗೆ ತಂದೆಯೇ ಹೇಳಿದರು: "ಆವತ್ತು ನೀನು ಕೇಳಿದ್ದಕ್ಕೆ ಉತ್ತರ ನನಗೂ ಗೊತ್ತಿಲ್ಲ ಕಣೋ. ಗೊತ್ತಿಲ್ಲದ್ದಕ್ಕೇ ರೇಗಿದೆ."

ಹುಡುಗನು ತಲೆಯೆತ್ತಿದನು. "ನಿಮಗೂ ಹಾಗೆ ಅನ್ನಿಸತ್ತಾ ಅಪ್ಪಾ?"

"ಅನ್ನಿಸತ್ತೆ. ಬೆಳಿಗ್ಗೆ ದೇವರ ದೀಪ ಹಚ್ಚುವಾಗ ದಿನಾ ಅನ್ನಿಸತ್ತೆ."

ಆಗ ಹುಡುಗನು ಅತ್ತನು. ತಾತ ತೀರಿಕೊಂಡ ದಿನ ಅವನ ಕಣ್ಣಿನಲ್ಲಿ ನೀರು ಬಂದಿರಲಿಲ್ಲ. ಅಳು ನಿಂತ ಮೇಲೆ ಒಂದೊಂದಾಗಿ ಹೇಳಿದನು: ಪುಸ್ತಕ ತೆರೆದರೆ ಅಕ್ಷರ ಓಡಿಹೋಗುವುದು, ಬೆಳಗಾಗುವುದೇ ಬೇಡವೆನಿಸುವುದು. ತಂದೆಗೆ ಒಂದು ಮಾತು ಕೇಳಲು ಹೆದರಿಕೆ. ಕೇಳದಿರಲು ಅದಕ್ಕಿಂತ ಹೆದರಿಕೆ. "ಬದುಕೋದೇ ಬೇಡ ಅನ್ನಿಸಿತ್ತೇನೋ?" ಎಂದರು. "ಒಂದೊಂದು ಸಲ" ಎಂದನು ಹುಡುಗ.

ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಅನೇಕ ತಂದೆತಾಯಂದಿರು ಅಂಜುತ್ತಾರೆ. ಈ ಅಂಜಿಕೆಗೆ ಆಧಾರವಿಲ್ಲವೆಂದು ಮನೋವೈದ್ಯರು ಹೇಳುತ್ತಾರೆ. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಒಬ್ಬನೇ ಹೊತ್ತಿದ್ದ ಭಾರವನ್ನು ಕೆಳಗಿಡಲು ಒಂದು ಜಗುಲಿ ಸಿಕ್ಕಿದಂತಾಗುತ್ತದೆ. ಅಂತಹ ಉತ್ತರ ಬಂದರೆ ಮಾತ್ರ ತಡಮಾಡಬಾರದು. ಮಗುವನ್ನು ಒಂಟಿಯಾಗಿ ಬಿಡಬಾರದು. ಆ ತಂದೆ ತಡಮಾಡಲಿಲ್ಲ. ಬೆಳಗಾಗುತ್ತಲೇ ಕಚೇರಿಗೆ ರಜೆ ಹಾಕಿ ಮಗನನ್ನು ವೈದ್ಯರಲ್ಲಿಗೆ ಕರೆದೊಯ್ದರು.

ವೈದ್ಯರು ಮಾತನಾಡಿಸಿದರು, ಔಷಧ ಕೊಟ್ಟರು. ಔಷಧದ ಗುಣ ಕಾಣಲು ಕೆಲವು ವಾರಗಳು ಬೇಕು, ಚೇತರಿಸಿದಂತೆ ಕಂಡೊಡನೆ ತಾವೇ ನಿಲ್ಲಿಸಕೂಡದು ಎಂದು ಎಚ್ಚರಿಸಿದರು. ಮತ್ತೊಂದು ಚಿಕ್ಕ ಕೆಲಸ ಹೇಳಿದರು: ಮನಸ್ಸು ಬರಲಿ ಬಾರದಿರಲಿ, ದಿನವೂ ಒಂದೇ ಹೊತ್ತಿಗೆ ಎದ್ದು ಸ್ವಲ್ಪ ದೂರ ನಡೆಯಬೇಕು. ಹುಮ್ಮಸ್ಸು ಬಂದ ಮೇಲೆ ಕೆಲಸ ಮಾಡೋಣವೆಂದು ಖಿನ್ನನಾದವನು ಕಾಯುತ್ತಾನೆ. ಕೆಲಸ ಹಿಡಿದ ಮೇಲೆಯೇ ಹುಮ್ಮಸ್ಸು ಹಿಂದೆ ಬರುವುದೆಂಬುದು ಚಿಕಿತ್ಸೆಯ ಅನುಭವ. ಆದುದರಿಂದ ಬೆಳಗಿನ ಹಾಲು ತರುವ ಕೆಲಸ ಹುಡುಗನ ಪಾಲಿಗೆ ಬಂತು. ಮೊದಲ ವಾರ ತಂದೆಯೂ ಜೊತೆಗೆ ನಡೆದರು. ಕಾಲೇಜುಗಳು 2021ರ ಜುಲೈ 26ರಂದು ತೆರೆದವು. ಅವನು ಹೋದದ್ದು ಮತ್ತೆ ಮೂರು ವಾರಗಳಾದ ಮೇಲೆ. ಹೋದ ಮೊದಲ ದಿನ ಮಧ್ಯಾಹ್ನಕ್ಕೇ ಹಿಂತಿರುಗಿದನು. ಮಾರನೆಯ ದಿನ ಸಂಜೆಯವರೆಗೆ ಇದ್ದನು.

ಮತ್ತೆ ಕಟ್ಟುವುದು

ಅವನ ಹಳೆಯ ನಂಬಿಕೆ ಹಾಗೆಯೇ ಮರಳಿತೇ? ಇಲ್ಲ. ಮುರಿದ ನಂಬಿಕೆ ಹಾಗೆಯೇ ಮರಳುವುದಿಲ್ಲ. ಅಮೆರಿಕದ ಟೆಡೆಸ್ಕಿ ಮತ್ತು ಕ್ಯಾಲ್ಹೂನ್ ಎಂಬ ಇಬ್ಬರು ಮನೋವಿಜ್ಞಾನಿಗಳು ಇದನ್ನು ಭೂಕಂಪಕ್ಕೆ ಹೋಲಿಸಿದ್ದಾರೆ. ಭೂಕಂಪದಲ್ಲಿ ಬಿದ್ದ ಊರನ್ನು ಮತ್ತೆ ಕಟ್ಟುವವರು ಹಳೆಯ ನಕ್ಷೆಯಂತೆ ಕಟ್ಟುವುದಿಲ್ಲ; ಯಾವ ಗೋಡೆ ನಿಂತಿತು, ಯಾವುದು ಬಿತ್ತು ಎಂದು ನೋಡಿ ಕಟ್ಟುತ್ತಾರೆ. ಮನಸ್ಸೂ ಹಾಗೆಯೇ. ಕೆಲವರು ಆಘಾತದ ತರುವಾಯ ಹಿಂದಿಗಿಂತ ಗಟ್ಟಿಯಾಗುವುದುಂಟು. ಅವರನ್ನು ಗಟ್ಟಿ ಮಾಡುವುದು ಆಘಾತವಲ್ಲ. ಅದರ ಬಳಿಕ ಅವರು ಮಾಡುವ ಯೋಚನೆ, ಅವರಿಗೆ ಸಿಗುವ ಆಸರೆ. "ಕಷ್ಟ ಬಂದರೆ ಮನುಷ್ಯ ಪಕ್ವವಾಗುತ್ತಾನೆ" ಎಂದು ಕಷ್ಟದಲ್ಲಿರುವವನ ಮುಂದೆ ಹೇಳುವುದು, ಹಸಿದವನ ಮುಂದೆ ಉಪವಾಸದ ಮಹಿಮೆಯನ್ನು ಹೇಳಿದಂತೆ.

ಹುಡುಗನು ಈಗಲೂ ಒಮ್ಮೊಮ್ಮೆ ದೇವರ ಕೋಣೆಯ ಮುಂದೆ ನಿಲ್ಲುತ್ತಾನೆ. ಕೈಮುಗಿಯುತ್ತಾನೋ ಇಲ್ಲವೋ ಯಾರೂ ನೋಡಲು ಹೋಗುವುದಿಲ್ಲ. ಕ್ರಮ ತಪ್ಪದವನಿಗೆ ಕೆಡುಕಾಗದೆಂಬ ಮಾತನ್ನು ಅವನು ನಂಬುವುದಿಲ್ಲ. ಕೆಡುಕಾದಾಗ ಪಕ್ಕದಲ್ಲಿ ಬಂದು ಕುಳಿತುಕೊಳ್ಳುವವರು ಉಂಟೆಂಬುದನ್ನು ನಂಬುತ್ತಾನೆ. ಮೊದಲಿನ ನಂಬಿಕೆ ತಾತ ಹೇಳಿಕೊಟ್ಟದ್ದು. ಎರಡನೆಯದು ಅವನೇ ಕಂಡದ್ದು.

ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು 2023ರ ಮೇ 5ರಂದು ಸಾರಿತು. ಮೂಗಿನ ಮೇಲಣ ಬಟ್ಟೆ ಮೂಲೆ ಸೇರಿತು. ಅಂದಿನ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಪದವಿ ಮುಗಿಸಿ ಹೊರಬಿದ್ದಿದ್ದಾರೆ. ಅಂದು ಹೈಸ್ಕೂಲಿನಲ್ಲಿದ್ದ ಅವರ ತಮ್ಮತಂಗಿಯರು ಕಾಲೇಜು ಸೇರಿದ್ದಾರೆ. ಹಾಗೆಂದು ಅಂದು ಒಳಗಿಳಿದ ನೀರು ಆರಿದೆಯೆಂದು ತಿಳಿಯಲಾಗದು. ಜನರ ನಡುವೆ ಕುಳಿತುಕೊಳ್ಳಲು ಅಂಜುವ, ಒಂದು ಸೋಲಿಗೆ ಬುಡವೇ ಕಿತ್ತಂತಾಗುವ ತರುಣರು ಎಲ್ಲ ಊರಿನಲ್ಲಿಯೂ ಇದ್ದಾರೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯಿದೆ. 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಹಗಲಾಗಲಿ ರಾತ್ರಿಯಾಗಲಿ ಕನ್ನಡದಲ್ಲಿಯೇ ಮಾತನಾಡಬಹುದು, ದುಡ್ಡು ಬೇಕಿಲ್ಲ. ಪಂಚಾಂಗದ ಪಕ್ಕದಲ್ಲಿ, ಗ್ಯಾಸ್ ಅಂಗಡಿಯ ಸಂಖ್ಯೆಯ ಕೆಳಗೆ, ಆ ಸಂಖ್ಯೆಯನ್ನೂ ಬರೆದಿಟ್ಟರೆ ಮನೆಯ ಮರ್ಯಾದೆಗೆ ಕುಂದಿಲ್ಲ. ಆದರೆ ಸಂಖ್ಯೆಗೆ ಮೊದಲು ಮನೆಯವರ ಕಿವಿ ಬೇಕು. ಮಗು ನಂಬಿಕೆ ಕಳೆದುಕೊಂಡು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿಲ್ಲದಿದ್ದರೆ, ಗೊತ್ತಿಲ್ಲವೆಂದು ಹೇಳುವ ಧೈರ್ಯ ಬೇಕು.

2021ರ ಮಳೆಗಾಲದಲ್ಲಿ ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನ ಒಂದು ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ಮನೆಯಲ್ಲಿ ಮೊಬೈಲಿಗೆ ಸಂಪರ್ಕ ಸಿಗದೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ರಸ್ತೆಯ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದಾಳೆ. ಮಳೆ ಸುರಿಯುತ್ತಿದೆ. ಪಕ್ಕದಲ್ಲಿ ತಂದೆ ಕೊಡೆ ಹಿಡಿದು ನಿಂತಿದ್ದಾನೆ. ಮಳೆಯನ್ನು ನಿಲ್ಲಿಸುವುದು ಅವನಿಂದಾಗದು. ಏಕೆ ಸುರಿಯುತ್ತಿದೆ ಎಂದು ವಿವರಿಸುವ ಗೋಜಿಗೂ ಅವನು ಹೋಗಿಲ್ಲ. ಪಾಠ ಮುಗಿಯುವವರೆಗೆ ಅಲ್ಲಿಂದ ಕದಲಿಲ್ಲ, ಅಷ್ಟೇ.